ಕರಿಯಕ್ಕನ ಮುಂದೆ ಆಡಬಾರದ ಮಾತು

ಕರಿಯಕ್ಕನ ಎದುರು ‘ಯಾಕೆ’ ಎಂಬ ಮಾತನ್ನು ಆಡುವಂತಿರಲಿಲ್ಲ. ಬಸ್ಸು ಯಾಕೆ ತಡ, ಮಳೆ ಯಾಕೆ ಹಿಂದೆ ಬಿತ್ತು ಎಂದು ಯಾರಾದರೂ ಲೋಕಾಭಿರಾಮವಾಗಿ ಅಂದರೂ ಸಾಕು, ಆಕೆ ಕೂತಲ್ಲಿಂದ ಎದ್ದು, ಎಡಕ್ಕೆ ಒಮ್ಮೆ ಉಗುಳಿ, ಖಾಕಿ ಕೋಟಿನ ಗುಂಡಿ ಹಾಕಿಕೊಂಡು ಹೊರಟೇಬಿಡುತ್ತಿದ್ದಳು. ಫಾರೆಸ್ಟ್ ಗಾರ್ಡ್ ಆಗಿದ್ದ ಅವಳ ಅಣ್ಣ ಬಿಟ್ಟುಹೋದ ಕೋಟು ಅದು. ಸೀರೆಯ ಮೇಲೆ ಅದನ್ನು ಬೇಸಿಗೆಯಲ್ಲೂ ತೊಟ್ಟಿರುತ್ತಿದ್ದಳು. ಬಲಜೇಬಿನಲ್ಲಿ ಪೇಪರಿನಲ್ಲಿ ಸುತ್ತಿದ ಮಗಳ ಮಾತ್ರೆಗಳು, ಎಡಜೇಬಿನಲ್ಲಿ ಹುರಿದ ಹುಣಸೆಬೀಜ. ನಡೆಯುವಾಗ ಬಲಭುಜ ಮುಂದಿರುತ್ತಿತ್ತು, ಮುಚ್ಚಿದ ಬಾಗಿಲೊಂದನ್ನು ತಳ್ಳಿಕೊಂಡೇ ಹೋಗುತ್ತಿರುವವಳ ಹಾಗೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಿಡಿಗೇಶಿಯಲ್ಲಿ ಮೇಷ್ಟ್ರಾಗಿದ್ದೆ. ನನ್ನ ಬಾಡಿಗೆ ಕೋಣೆಯ ಜಗುಲಿಯ ಎದುರೇ ಮಧುಗಿರಿಯ ಬಸ್ಸು ನಿಲ್ಲುತ್ತಿದ್ದುದರಿಂದ ಕರಿಯಕ್ಕ ಬಸ್ಸಿಗೆ ಕಾಯಲು ಅಲ್ಲಿ ಬಂದು ಕೂರುತ್ತಿದ್ದಳು. ಮೊದಲ ದಿನವೇ ನಾನು, “ಯಾಕೆ ಕರಿಯಕ್ಕ, ಈ ಬಿಸಿಲಲ್ಲಿ ಕೋಟು?” ಎಂದು ವಿನೋದಕ್ಕೆ ಕೇಳಿ, ಆಕೆ ನೆರಳು ಬಿಟ್ಟು ಹೋಗಿ ರಸ್ತೆಯ ನಡುವೆ ನಿಂತದ್ದನ್ನು ನೋಡಿ ಬೆಪ್ಪಾಗಿದ್ದೆ. ಆಮೇಲೆ ಆ ಪದವನ್ನು ನುಂಗಿಕೊಂಡು ಮಾತಾಡುವುದನ್ನು ಕಲಿತೆ.

ಅವಳದು ಊರಾಚೆಯ ಹಟ್ಟಿ. ಕುರಿ ಸಾಕುವವರ ನಲವತ್ತೋ ಐವತ್ತೋ ಮನೆ, ಸುತ್ತ ಕಾರೆಮುಳ್ಳಿನ ಬೇಲಿ, ನಡುವೆ ದೇವರ ಗುಡಿ. ಬೇಲಿಯೊಳಗೆ ಮಡಿ, ಹೊರಗೆ ಮೈಲಿಗೆ. ಮುಟ್ಟಾದ ಹೆಂಗಸು, ಹೆತ್ತ ಬಾಣಂತಿ ಇಬ್ಬರೂ ಬೇಲಿಯಾಚೆ ಬೇವಿನ ಮರದ ಬುಡದ ಗುಡಿಸಲಲ್ಲಿ ದಿನ ತುಂಬುವವರೆಗೆ ಇರಬೇಕು. ಅವರನ್ನು ಮುಟ್ಟಿದವರೂ ಅಲ್ಲೇ ಉಳಿಯಬೇಕು. ಕರಿಯಕ್ಕ ಪುಟ್ಟಕ್ಕನನ್ನು ಹೆತ್ತದ್ದು ಆ ಗುಡಿಸಲಲ್ಲಿ. ಮಳೆಗೆ ಮಾಡು ಕುಸಿದಾಗ ಮೈಲಿಗೆಯ ದಿನ ಮುಗಿಯುವ ಮುಂಚೆಯೇ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಬೇಲಿಯೊಳಗೆ ಬಂದುಬಿಟ್ಟಿದ್ದಳು. ಆಗ ಬೈದು ಬಿಟ್ಟರು, ಮರೆತರು. ಆದರೆ ಆ ಕೂಸು ಬೆಳೆದು, ಕುರಿಮರಿಗಳ ಹಿಂದೆ ಓಡಾಡುವ ವಯಸ್ಸಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಾಗ ಹಟ್ಟಿಗೆ ಹಟ್ಟಿಯೇ ಆ ಹಳೆಯ ಮಳೆಯನ್ನು ನೆನಪಿಸಿಕೊಂಡಿತು. ಪೂಜಾರಿ ಕ್ಯಾತಪ್ಪ ಗುಡಿಯ ಮುಂದೆ ಕೂತು ತೀರ್ಪು ಹೇಳಿದ: ತಾಯಿ ಮೈಲಿಗೆ ತಂದಳು, ದೇವರು ಮಗಳನ್ನು ಹಿಡಿದ.

ಕರಿಯಕ್ಕ ಮಗಳನ್ನು ಹೊತ್ತು ಮಧುಗಿರಿಗೆ ಹೋದಳು. ಅಲ್ಲಿದ್ದ ಲೇಡಿ ಡಾಕ್ಟರು ಹುಡುಗಿಯನ್ನು ನಿಧಾನವಾಗಿ ಪರೀಕ್ಷೆ ಮಾಡಿ, “ಇದು ಯಾಕೆ ಬಂತು ಅಂತ ನನಗೆ ಗೊತ್ತಿಲ್ಲಮ್ಮ. ನನಗಿಂತ ದೊಡ್ಡವರಿಗೂ ಗೊತ್ತಿಲ್ಲ. ಕೆಲವರಿಗೆ ಹೀಗೇ ಬರುತ್ತೆ. ನಿನ್ನಿಂದ ಏನೂ ಆಗಿಲ್ಲ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡ” ಎಂದರಂತೆ. ಈ ಮಾತನ್ನು ಕರಿಯಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ. ಹೇಳುವಾಗಲೆಲ್ಲ ಅವಳ ಮುಖ ಸಡಿಲವಾಗುತ್ತಿತ್ತು.

“ಅಷ್ಟು ಓದಿರೋ ಹೆಣ್ಣುಮಗಳು ನಂಗೊತ್ತಿಲ್ಲ ಅಂದ್ಲು ಮೇಷ್ಟ್ರೇ. ನಮ್ಮಟ್ಟೀಲಿ ಒಬ್ಬನ್ ಬಾಯಾಗಾದ್ರೂ ಆ ಮಾತು ಬಂದೈತಾ?”

ಬಂದಿರಲಿಲ್ಲ. ಹಟ್ಟಿಯಲ್ಲಷ್ಟೇ ಅಲ್ಲ, ಎಲ್ಲೂ ಬಂದಿರಲಿಲ್ಲ. ನಮ್ಮ ಹೆಡ್ ಮಾಸ್ಟರು ಗಂಗಾಧರಯ್ಯನವರು ಬಿ.ಎ., ಬಿ.ಎಡ್. ಮಾಡಿದವರು, ದಿನವೂ ಇಸ್ತ್ರಿ ಮಾಡಿದ ಅಂಗಿ ತೊಡುವವರು. ಹುಡುಗಿಯ ವಿಷಯ ಬಂದಾಗ ಅವರು ಡಬ್ಬಿಯ ಚಿತ್ರಾನ್ನ ಕಲಸುತ್ತ, “ಕಾರಣ ಇಲ್ಲದೆ ಏನೂ ಆಗಲ್ಲ ಸಾರ್, ಮನೆಯಲ್ಲಿ ಏನೋ ದೋಷ ಇರಬೇಕು” ಎಂದರು. ಅನ್ನದಲ್ಲಿ ಕಲ್ಲು ಸಿಕ್ಕಿತು ಎನ್ನುವಷ್ಟು ಹಗುರವಾಗಿ ಅಂದರು. ಹಟ್ಟಿಯವರ ಮೇಲೆ ಬಾರದಷ್ಟು ಕೋಪ ನನಗೆ ಆ ಮನುಷ್ಯನ ಮೇಲೆ ಬಂತು, ಇವತ್ತಿಗೂ ಇಳಿದಿಲ್ಲ. ವೈದ್ಯಶಾಸ್ತ್ರ ಕೈಚೆಲ್ಲಿ ನಿಂತ ಕಡೆ ನಮ್ಮ ಜನಕ್ಕೆ ಜ್ಞಾನ ಉಕ್ಕಿ ಹರಿಯುತ್ತದೆ. ತಾಯಿಯ ನಡತೆ, ತಂದೆಯ ಪಾಪ, ಹಿಂದಿನ ಜನ್ಮ, ಮನೆಯ ಬಾಗಿಲು ಯಾವ ದಿಕ್ಕಿಗಿದೆ, ಬಸುರಿಯಾಗಿದ್ದಾಗ ಏನು ತಿಂದಳು, ಎಲ್ಲವೂ ಗೊತ್ತು. ಗೊತ್ತಿಲ್ಲ ಎನ್ನುವುದೊಂದು ಗೊತ್ತಿಲ್ಲ. ಮತ್ತು ಆ ಜ್ಞಾನವೆಲ್ಲ ಹರಿದು ಹೋಗಿ ನಿಲ್ಲುವುದು ಯಾವಾಗಲೂ ಒಬ್ಬ ಹೆಂಗಸಿನ ತಲೆಯ ಮೇಲೆ.

ಕ್ಯಾತಪ್ಪ ಕೇಳಿದ್ದು ದೊಡ್ಡದೇನೂ ಅಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕರಿಯಕ್ಕ ಗುಡಿಯ ಮುಂದೆ ಒಂದು ಕಾಯಿ ಒಡೆದು ‘ನನ್ನದು ತಪ್ಪಾಯಿತು’ ಎಂದರೆ ಮುಗಿಯಿತು, ಮಗಳು ನೆಟ್ಟಗಾಗುತ್ತಾಳೆ. ಆದರೆ ಹಾಗೆ ಒಪ್ಪಿಸಿಕೊಂಡ ಮೇಲೆ ಬೇರೆ ಮದ್ದು ಮುಟ್ಟಬಾರದು, ಮುಟ್ಟಿದರೆ ದೇವರನ್ನು ಶಂಕಿಸಿದಂತೆ. ಇದು ಹಟ್ಟಿಯ ಕಟ್ಟು. ಅವಳ ಗಂಡ ನರಸಪ್ಪ ಕೆಟ್ಟವನಲ್ಲ, ಮೆತ್ತನೆಯವನು, ದೇವರ ಪೆಟ್ಟಿಗೆ ಹೊರುವ ಮನೆತನದವನು. ಅವನು ನನ್ನ ಜಗುಲಿಯಲ್ಲೇ ಒಮ್ಮೆ ಹೆಂಡತಿಯನ್ನು ಬೇಡಿಕೊಂಡ.

“ಒಂದ್ಸಲ ಅಂದ್ಬುಡೇ, ತಪ್ಪಾಯ್ತು ಅಂತ. ನಿನ್ ಗಂಟೇನು ಹೋಗ್ತದೆ?”

“ನಾನು ತಪ್ಪಾಯ್ತು ಅಂದ್ಬುಟ್ರೆ ನಾಳೀಕೆ ಮಾತ್ರೆ ಕಿತ್ತು ಎಸೀತೀರ. ಮಗಳು ಸಾಯ್ತಾಳೆ. ಅನ್ನಾಕಿಲ್ಲ, ಹೋಗು.”

ಜನ ಇದನ್ನು ಸೊಕ್ಕು ಎಂದರು. ನನಗೆ ಕಂಡಂತೆ ಅದು ಬರಿಯ ಲೆಕ್ಕಾಚಾರ. ಮಾತ್ರೆ ಶುರುವಾದ ಮೇಲೆ ಹುಡುಗಿ ಬೀಳುವುದು ಕಡಿಮೆಯಾಗಿತ್ತು, ನಿಂತಿರಲಿಲ್ಲ. ಕರಿಯಕ್ಕನ ಒಂದು ಸುಳ್ಳಿಗೆ ಹಟ್ಟಿಯೆಲ್ಲ ನೆಮ್ಮದಿಯಾಗುತ್ತಿತ್ತು, ಪುಟ್ಟಕ್ಕನೊಬ್ಬಳನ್ನು ಬಿಟ್ಟು.

ಪುಟ್ಟಕ್ಕ ಮೈನೆರೆದಳು. ಬೀಳುವ ಕಾಯಿಲೆಯ ಹುಡುಗಿ ತಿಂಗಳು ತಿಂಗಳೂ ಆ ಗುಡಿಸಲಲ್ಲಿ ಒಂಟಿಯಾಗಿ, ಮೂರು ಕಲ್ಲಿನ ಒಲೆಯಲ್ಲಿ ತಾನೇ ಬೇಯಿಸಿಕೊಂಡು ಇರಬೇಕು. ಕರಿಯಕ್ಕ ವಾದಕ್ಕೆ ಹೋಗಲಿಲ್ಲ. ಮಗಳ ಜೊತೆ ತಾನೂ ಹೋಗಿ ಕೂತಳು. ಮುಟ್ಟಿದ್ದರಿಂದ ಅವಳಿಗೂ ಮೈಲಿಗೆ, ಹಟ್ಟಿಯ ಬಾವಿಯ ನೀರಿಲ್ಲ, ಕುರಿ ಮುಟ್ಟುವಂತಿಲ್ಲ. ತನ್ನ ಮುಟ್ಟು ನಿಂತ ಮೇಲೂ ಆ ಗುಡಿಸಲನ್ನು ಬಿಡದ ಹೆಂಗಸು ಎಂದು ಅವಳನ್ನು ನೋಡಿ ನಗುತ್ತಿದ್ದರು.

ಆ ಕಾರ್ತೀಕ ಸೋಮವಾರ ಕರಿಯಕ್ಕ ಮಾತ್ರೆ ತರಲು ಮಧುಗಿರಿಗೆ ಹೋಗಿದ್ದಳು. ಮಗಳ ದಿನಕ್ಕೆ ಇನ್ನೂ ಸಮಯವಿದೆ ಎಂದುಕೊಂಡಿದ್ದಳು. ಹುಡುಗಿ ಅವತ್ತೇ ಹೊರಗಾದಳು. ದೇವರ ಪೆಟ್ಟಿಗೆ ತೆಗೆಯುವ ದಿನ ಅದು, ಹಟ್ಟಿಯೆಲ್ಲ ಮಿಂದು ಒದ್ದೆಬಟ್ಟೆಯಲ್ಲಿತ್ತು. ಮುಂದಿನದನ್ನು ನನಗೆ ಹೇಳಿದವರು ಬೇಲಿಯೊಳಗೆ ನಿಂತು ನೋಡಿದವರೇ, ಯಾವ ಸಂಕೋಚವೂ ಇಲ್ಲದೆ ಹೇಳಿದರು. ಮಧ್ಯಾಹ್ನ ಪುಟ್ಟಕ್ಕ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದವಳು ಹಾಗೇ ಕೆಂಡದ ಮೇಲೆ ವಾಲಿದಳು. ಹೆಂಗಸರು ಕೂಗಿಕೊಂಡರು. ಯಾರೋ ಬೇಲಿಯ ಮೇಲಿಂದ ಬಿಂದಿಗೆ ನೀರು ಎರಚಿದರು, ಅದು ಅರ್ಧ ದಾರಿಗೇ ಬಿತ್ತು. ನರಸಪ್ಪ ಓಡಿಬಂದ. ಪೆಟ್ಟಿಗೆ ಹೊರಬೇಕಾದವನು ಅವನು, ಮುಟ್ಟಿದರೆ ಮೈಲಿಗೆ. ಮೇಕೆಗಳಿಗೆ ಸೊಪ್ಪು ಎಳೆಯುವ ಉದ್ದನೆಯ ದೋಟಿಯನ್ನು ತಂದು, ಬೇಲಿಯಾಚೆಯಿಂದಲೇ ಚಾಚಿ, ಕೊಕ್ಕೆಯನ್ನು ಮಗಳ ಲಂಗಕ್ಕೆ ಸಿಕ್ಕಿಸಲು ಹೆಣಗಿದ. ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಕೆಂಡದಿಂದ ಎಳೆದು ಹಾಕುವಷ್ಟರಲ್ಲಿ ಎಡಗೈ ಸುಟ್ಟು ಹೋಗಿತ್ತು.

ಹುಡುಗಿ ಬದುಕಿದಳು. ಬೆರಳುಗಳು ಒಂದಕ್ಕೊಂದು ಅಂಟಿ ಕೈ ಮುಷ್ಟಿಯಾಗಿ ಉಳಿಯಿತು. ಆ ಮುಷ್ಟಿಯನ್ನು ನೋಡಿ ಕ್ಯಾತಪ್ಪ, “ಹಣೇಲಿ ಬರ್ದಂಗೆ ಆಯ್ತದೆ, ಅದಕ್ಕೆ ಯಾರೇನು ಮಾಡಾಕಾಯ್ತದೆ” ಎಂದ. ಗಂಗಾಧರಯ್ಯನವರೂ ಹಣೆಬರಹ ಎಂದೇ ಅಂದರು. ಇಷ್ಟು ವರ್ಷ ಕಾರಣವಿಲ್ಲದ ಕಾಯಿಲೆಗೆ ಕಾರಣ ಹೇಳಿದ ಬಾಯಿಗಳು, ಕಣ್ಣೆದುರು ಕಾರಣವಿದ್ದ ಸುಟ್ಟ ಕೈಗೆ ಕಾರಣವೇ ಇಲ್ಲ ಎಂದವು. ಆ ದಿನ ಶಾಲೆಯಲ್ಲಿ ನಾನು ಯಾವ ಪಾಠವನ್ನೂ ಮಾಡಲಾಗದೆ ಮಕ್ಕಳನ್ನು ಮನೆಗೆ ಕಳಿಸಿಬಿಟ್ಟೆ.

ಕರಿಯಕ್ಕ ಮತ್ತೆ ಬೇಲಿಯೊಳಗೆ ಕಾಲಿಡಲಿಲ್ಲ. ಕರೆಯಲು ಬಂದ ಗಂಡನಿಗೆ, “ಕೈ ಇರ್ಲಿಲ್ವಾ ನಿಂಗೆ?” ಎಂದಷ್ಟೇ ಕೇಳಿದಳು. ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ನಿಂತು ವಾಪಸ್ಸು ಹೋದ. ರಸ್ತೆಯ ಮಗ್ಗುಲಲ್ಲಿ ಕಲ್ಲು ಒಟ್ಟಿ, ಸೋಗೆ ಹೊದಿಸಿ, ಮಗಳ ಜೊತೆ ಇದ್ದಳು. ಕೂಲಿಗೆ ಹೋದಳು, ಮಾತ್ರೆ ತಪ್ಪಿಸಲಿಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ ಬೇರೆ ಇತ್ತು. ಕಿವಿಗೆ ಬಿದ್ದರೆ ಉಗುಳುತ್ತಿದ್ದ ಆ ಪದವನ್ನು ಅವಳೇ ಬಾಯಿಗೆ ತೆಗೆದುಕೊಂಡಳು. ಬೆಳಿಗ್ಗೆ ಕುರಿಗಳು ಮೇಯಲು ಹೊರಡುವ ಹೊತ್ತಿಗೆ ಬೇಲಿಯ ಬಾಗಿಲ ಮುಂದೆ ಕೋಟು ತೊಟ್ಟು ನಿಲ್ಲುತ್ತಿದ್ದಳು. ಹೊರಬಂದ ಒಬ್ಬೊಬ್ಬನನ್ನೂ ಹೆಸರು ಹಿಡಿದು ಕೇಳುತ್ತಿದ್ದಳು.

“ಬೋರಣ್ಣ, ನೀನಿದ್ದಲ್ಲ ಅವತ್ತು. ಯಾಕ್ಲಾ ದಾಟ್ಲಿಲ್ಲ?”

ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಗಂಡಸರು ತಲೆ ತಗ್ಗಿಸಿ ಕುರಿಗಳನ್ನು ಬೇಕೆಂದೇ ಗದರಿಸುತ್ತ ಸಾಗುತ್ತಿದ್ದರು. ದಿನವೂ ಹೀಗೆ ನಿಂತು ಏನು ಬಂತು ಎಂದು ನಾನೇ ಒಮ್ಮೆ ಅಂದೆ. ಅವಳು ಹುಣಸೆಬೀಜ ಅಗಿಯುತ್ತ ಹೇಳಿದಳು: “ಕಾಯಿಲೆಗೆ ಕಾರಣ ಇಲ್ಲ ಮೇಷ್ಟ್ರೇ. ಕೈಗೈತೆ.”

ಕೊನೆಗೆ ಹಟ್ಟಿಯವರು ಉತ್ತರ ಕೊಟ್ಟರು. ಗುಡಿಯ ಹಿಂಭಾಗದಲ್ಲಿ ಕಾರೆಮುಳ್ಳನ್ನು ಕಡಿದು, ತಲೆತಲಾಂತರದಿಂದ ಒಂದೇ ಬಾಗಿಲಿದ್ದ ಬೇಲಿಗೆ ಇನ್ನೊಂದು ಬಾಗಿಲು ಮಾಡಿಕೊಂಡು, ಕುರಿಗಳನ್ನು ಅತ್ತ ಕಡೆಯಿಂದ ಹೊಡೆದುಕೊಂಡು ಹೋಗತೊಡಗಿದರು. ಉರಿಯುವ ಹುಡುಗಿಗಾಗಿ ದಾಟದ ಬೇಲಿಯನ್ನು ಆ ತಾಯಿಯ ಒಂದು ಪ್ರಶ್ನೆಗೆ ಹೆದರಿ ಕಡಿದರು. ಎಂಬತ್ತೆರಡರಲ್ಲಿ ನನಗೆ ಕೊರಟಗೆರೆಗೆ ವರ್ಗವಾಗಿ ಬಸ್ಸು ಹತ್ತಿದ ಬೆಳಿಗ್ಗೆಯೂ ಅವಳು ಹಳೆಯ ಬಾಗಿಲ ಮುಂದೆ ನಿಂತಿದ್ದಳು, ಪಕ್ಕದಲ್ಲಿ ಪುಟ್ಟಕ್ಕ ಇದ್ದಳು.

ಇಂಥ ಹೆಂಗಸರನ್ನು ನಾವು ಬಜಾರಿ ಎನ್ನುತ್ತೇವೆ, ಹಠಮಾರಿ ಎನ್ನುತ್ತೇವೆ, ಸಂಸಾರ ನೆಟ್ಟಗೆ ಮಾಡಲಾರದವಳು ಎಂದು ಕನಿಕರವನ್ನೂ ತೋರಿಸುತ್ತೇವೆ. ಅವರು ಮಾಡುವ ಅಪರಾಧ ಇಷ್ಟೇ: ಯಾರಿಗೂ ತಿಳಿಯದ್ದನ್ನು ತಿಳಿಯದು ಎಂದೇ ಹೊತ್ತುಕೊಂಡು ಬದುಕುತ್ತಾರೆ, ಎಲ್ಲರಿಗೂ ತಿಳಿದದ್ದನ್ನು ಮಾತ್ರ ಮರೆಯಲು ಬಿಡುವುದಿಲ್ಲ. ಪ್ರತಿ ಊರಿನ ಬಾಗಿಲಲ್ಲೂ ಅಂಥವಳೊಬ್ಬಳು ನಿಂತೇ ಇರುತ್ತಾಳೆ. ನಾವು ಹಿಂದಿನ ಬಾಗಿಲಿಂದ ಓಡಾಡುವುದನ್ನು ರೂಢಿ ಮಾಡಿಕೊಂಡಿರುತ್ತೇವೆ.