ಒಂದು ಕಣ್ಣು ಬಿಟ್ಟುಕೊಂಡವಳು

"ಕಣ್ಣು!"

ಮೇಸ್ತ್ರಿ ಹೀಗೆ ಕೂಗಿದರೆ ವೆಲ್ಡಿಂಗ್ ಶೆಡ್ಡಿನಲ್ಲಿದ್ದವರೆಲ್ಲ ಕಣ್ಣು ಮುಚ್ಚಿ ಮುಖ ತಿರುಗಿಸಬೇಕು. ಕೂಗಿದ ಮರುಕ್ಷಣವೇ ಕಿಡಿ. ಗೇಟಾಗಲಿ, ಕಿಟಕಿಯ ಗ್ರಿಲ್ಲಾಗಲಿ, ಮೊದಲು ಮೂಲೆಗಳಿಗೆ ಒಂದೊಂದು ಚುಕ್ಕೆ ಬೆಸುಗೆ ಇಟ್ಟು ನಿಲ್ಲಿಸಿಕೊಳ್ಳಬೇಕು. ಅದಕ್ಕೆ ಟ್ಯಾಕ್ ಹೊಡೆಯುವುದು ಅನ್ನುತ್ತಾರೆ. ಆಗ ಪೈಪು ಅಲುಗದಂತೆ ಹಿಡಿಯುವವಳು ಅವನ ಹೆಂಡತಿ. ಮದುವೆಯಾದಾಗಿನಿಂದ ಅವಳೇ ಹಿಡಿಯುತ್ತಿದ್ದಳು.

ಮೇಸ್ತ್ರಿಗೆ ಒಂದು ಕಪ್ಪು ಕನ್ನಡಕವಿತ್ತು. ಹೆಂಡತಿಗೆ ಆ ಕೂಗು, ಅಷ್ಟೇ.

ಗೋಡೆಯ ಮೊಳೆಯಲ್ಲಿ ಮುಖ ಪೂರ್ತಿ ಮುಚ್ಚುವ, ಕಪ್ಪು ಗಾಜಿನ ಒಂದು ವೆಲ್ಡಿಂಗ್ ಹೆಲ್ಮೆಟ್ಟು ಧೂಳು ತಿನ್ನುತ್ತಿತ್ತು. ಅದನ್ನು ತಂದವನು ಅವಳ ತಮ್ಮ. ಅದೇ ಶೆಡ್ಡಿನಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಹಿಡಿಯುತ್ತಿದ್ದ. ಮಾತೆತ್ತಿದರೆ ಸಿಡಿಯುತ್ತಾನೆಂದು ಎಲ್ಲರೂ ಅವನನ್ನು ಪಟಾಕಿ ಎನ್ನುತ್ತಿದ್ದರು.

"ಭಾವ, ಅದು ಗೋಡೆಗೆ ತಂದಿದ್ದಲ್ಲ, ನಿಮ್ಮ ತಲೆಗೆ."

"ಅದ್ರೊಳಗೆ ತಲೆ ಹಾಕಿದ್ರೆ ಬಾವಿಗೆ ಇಳಿದ ಹಾಗಿರುತ್ತೆ. ಕೆಲಸ ಗೊತ್ತಿಲ್ದೋರು ಹಾಕ್ಕೊಳ್ಳೋದು ಅದು."

ಒಂದು ಮಧ್ಯಾಹ್ನ ಅವಳು ಮೂವರಿಗೂ ಟೀ ಬಗ್ಗಿಸುತ್ತಿದ್ದಳು. ಟೀ ಲೋಟದ ಪಕ್ಕಕ್ಕೆ ಹೋಯಿತು.

"ನೆಲಕ್ಕೂ ಟೀ ಬೇಕಂತೇನೇ?" ಮೇಸ್ತ್ರಿ ನಕ್ಕ.

ಅವಳೂ ನಕ್ಕಳು. ಆಮೇಲೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಅವನನ್ನೇ ನೋಡಿದಳು. "ರೀ, ಹೀಗೆ ನೋಡಿದ್ರೆ ನಿಮಗೆ ಮೂಗೇ ಇಲ್ಲ."

"ಹಾಗಾದ್ರೆ ಸ್ವಲ್ಪ ಚೆನ್ನಾಗಿ ಕಾಣ್ತಿದೀನಿ ಅನ್ನು."

"ತಮಾಷೆ ಅಲ್ಲ ಕಣ್ರೀ. ಕಿವಿ ಕಾಣುತ್ತೆ, ಕೂದಲು ಕಾಣುತ್ತೆ. ಮಧ್ಯದಲ್ಲಿ ಕಪ್ಪು. ಎಲ್ಲಿ ನೋಡ್ತೀನೋ ಅದೇ ಇರಲ್ಲ."

ಪಟಾಕಿ ಗ್ರೈಂಡರ್ ನಿಲ್ಲಿಸಿದ. ಅವನು ಸಿಡಿಯಲಿಲ್ಲ. ಅದೇ ಮೇಸ್ತ್ರಿಗೆ ಹೆದರಿಕೆ ಹುಟ್ಟಿಸಿತು.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆಳಕು ಬಿಟ್ಟು ಎರಡೂ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು.

"ವೆಲ್ಡಿಂಗ್ ಬೆಳಕನ್ನ ನೇರವಾಗಿ ನೋಡ್ತೀರಾ?"

"ಇಲ್ಲ ಡಾಕ್ಟ್ರೇ," ಮೇಸ್ತ್ರಿಯೇ ಉತ್ತರಿಸಿದ. "ನಾನು ಕೂಗ್ತೀನಿ, ಇವಳು ಮುಚ್ಕೋತಾಳೆ."

"ನಾನು ಅವರನ್ನ ಕೇಳಿದ್ದು. ಅಮ್ಮ, ಎಡಗಣ್ಣು ಹೆಚ್ಚುಕಮ್ಮಿ ಚೆನ್ನಾಗಿದೆ. ಬಲಗಣ್ಣಿನ ನಡುವೆ ಸುಟ್ಟ ಕಲೆ ಇದೆ. ಎರಡನ್ನೂ ಮುಚ್ಚಿದ್ರೆ ಒಂದೇ ಯಾಕೆ ಹೀಗೆ ಸುಡುತ್ತೆ?"

ಅವಳು ಉಗುರಿನ ಕೆಳಗಿನ ಕಬ್ಬಿಣದ ಮಸಿ ನೋಡುತ್ತಾ ಕೂತಳು.

"ಎರಡೂ ಮುಚ್ಚಿದ್ರೆ ಪೈಪು ಜಾರಿದ್ದು ಗೊತ್ತಾಗಲ್ಲ. ಮೂಲೆ ಸೊಟ್ಟ ಆಗುತ್ತೆ. ಸೊಟ್ಟ ಆದ್ರೆ ಇವರು ಬೈತಾರೆ. ಅದಕ್ಕೇ ಒಂದನ್ನ ಸ್ವಲ್ಪ ಬಿಟ್ಕೋತಿದ್ದೆ."

"ಯಾವಾಗಿಂದ?"

"ಮೊದಲಿಂದಾನೂ."

ಬಲಗಣ್ಣಲ್ಲಿ ಹೋದದ್ದು ಬಹುಶಃ ವಾಪಸು ಬರುವುದಿಲ್ಲ, ಇನ್ನೊಂದನ್ನಾದರೂ ಉಳಿಸಿಕೊಳ್ಳಿ ಎಂದರು ಡಾಕ್ಟರಮ್ಮ. ಬರೀ ರೆಪ್ಪೆ ಮುಚ್ಚುವುದನ್ನೂ ನೆಚ್ಚಿಕೊಳ್ಳಬೇಡಿ ಎಂದರು. ವಾಪಸು ಬರುವಾಗ ಮೇಸ್ತ್ರಿ ದಾರಿಯುದ್ದಕ್ಕೂ ಅವಳ ಬಲಗಡೆಗೇ ನಡೆದ. ಎದುರು ಬಂದ ಸೈಕಲ್ಲಿಗೆ ತಾನೇ ಅಡ್ಡ ನಿಂತ.

ಮರುದಿನ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಪಟಾಕಿ ಸಿಡಿದ.

"ಸೊಟ್ಟ ಗೇಟಿಗೆ ಬೈಯೋಕೆ ಬಾಯಿತ್ತು. ಅಕ್ಕ ಹೇಗೆ ಹಿಡೀತಾಳೆ ಅಂತ ಒಂದು ದಿನ ತಿರುಗಿ ನೋಡಿದ್ರಾ?"

"ನಾನೇನು ಬೇಕೂಂತ ಮಾಡಿದ್ನೇನೋ? ಆ ಡಬ್ಬಿ ಹಾಕ್ಕೊಂಡ್ರೆ ನಿಜವಾಗ್ಲೂ ಕಾಣಲ್ಲ ಕಣೋ! ಕಾಣದೆ ಟ್ಯಾಕ್ ತಪ್ಪುತ್ತೆ. ಗಿರಾಕಿ ವಾಪಸು ಕಳಿಸ್ತಾನೆ. ಆಮೇಲೆ ಮೂರು ಜನ ಏನು ತಿನ್ನೋದು, ಕಬ್ಬಿಣಾನ?"

ಪಟಾಕಿ ಮೊಳೆಯಿಂದ ಹೆಲ್ಮೆಟ್ಟು ಕಿತ್ತು ಭಾವನ ತಲೆಗೆ ಕೂರಿಸಿ, ಮುಖದ ಮೇಲೆ ಟಪ್ಪೆಂದು ಇಳಿಸಿದ.

"ಏನು ಕಾಣುತ್ತೆ?"

"ಕತ್ತಲೆ."

"ಬಲಗಣ್ಣಲ್ಲಿ ನಿಮ್ಮ ಮುಖ ನೋಡಿದ್ರೆ ಅಕ್ಕಂಗೆ ಕಾಣೋದು ಅದೇ."

ಮೇಸ್ತ್ರಿ ಅದನ್ನು ಎತ್ತಲಿಲ್ಲ. ಒಳಗಿನಿಂದ ಉಸಿರಿನ ಸದ್ದು ಮಾತ್ರ ಬರುತ್ತಿತ್ತು. 

ಕೊನೆಗೆ ಮೇಸ್ತ್ರಿ ಹೆಲ್ಮೆಟ್ಟು ತೆಗೆದು ಗಾಜನ್ನು ಬಿಸಿಲಿಗೆ ಹಿಡಿದ. ಹೊರಗಿನ ಗಾಜಿನ ತುಂಬ ಕಿಡಿ ಸಿಡಿದು ಅಂಟಿದ ಗುಳ್ಳೆ, ಮೇಲೆ ಗ್ರೈಂಡರ್ ಧೂಳು. ಉಗುರಿನಿಂದ ಕೆರೆದರೂ ಬರಲಿಲ್ಲ. ಒಳಗಿನ ಕಪ್ಪು ಗಾಜಿನ ಅಂಚಿನಲ್ಲಿ ಹದಿಮೂರು ಎಂದಿತ್ತು.

"ಈ ನಂಬರು ಯಾರೋ ಹೇಳಿದ್ದು?"

ಪಟಾಕಿಯ ದನಿ ಇಳಿಯಿತು. "ಯಾರೂ ಹೇಳಿಲ್ಲ. ಕಪ್ಪಾದಷ್ಟೂ ಒಳ್ಳೇದು ಅಂದ್ಕೊಂಡೆ."

ಇಬ್ಬರೂ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಗಾಜು ನೋಡಿ ತಲೆ ಚಚ್ಚಿಕೊಂಡ. "ಇದು ದಪ್ಪ ಪ್ಲೇಟಿಗೆ, ತುಂಬ ಜೋರು ಕರೆಂಟಿಗೆ. ನಿಮ್ಮ ತೆಳು ಪೈಪಿಗೆ ಹತ್ತನೇ ನಂಬರು ಸಾಕು. ಹೊರಗಿನ ಗಾಜು ಸವೆಯೋಕೇ ಇರೋದು ಮೇಸ್ತ್ರಿ. ಮಂಕಾದಾಗ ಬದಲಾಯಿಸ್ಬೇಕು, ಹೆಲ್ಮೆಟ್ಟಿಗೆ ಬೈಯೋದಲ್ಲ."

ಅವನು ಇನ್ನೊಂದು ಬಗೆಯದನ್ನು ಕೊಟ್ಟ. ಕಿಡಿ ಹೊತ್ತುವವರೆಗೆ ಎದುರಿಗಿರುವುದು ಕಾಣುತ್ತದೆ, ಹೊತ್ತಿದ ಕೂಡಲೇ ಗಾಜು ತಾನೇ ಕಪ್ಪಾಗುತ್ತದೆ. ಅಂಗಡಿಯ ಹಿತ್ತಲಲ್ಲಿದ್ದ ಚೂರು ಪೈಪಿನ ಮೇಲೆ ಮೇಸ್ತ್ರಿ ಟ್ಯಾಕ್ ಹೊಡೆದು ನೋಡಿದ. ಬೆಸುಗೆಯ ರಾಡು ಎಲ್ಲಿಗೆ ಮುಟ್ಟುತ್ತಿದೆ ಎಂಬುದು ಮುಟ್ಟುವ ಮೊದಲೇ ಕಂಡಿತು. ಆಮೇಲೆ ಕರಗಿದ ಕಬ್ಬಿಣ ಕಂಡಿತು. ಸಣ್ಣ ಕೊಳದಂತೆ ಹೊಳೆಯುತ್ತಾ, ಅಂಚಿನಿಂದ ಅಂಚಿಗೆ ಹರಿಯುತ್ತಾ. ಇಷ್ಟು ವರ್ಷ ತಾನು ಅಂದಾಜಿನ ಮೇಲೆ ಬೆಸೆಯುತ್ತಿದ್ದೆ, ಅಂದಾಜು ತಪ್ಪಿದ್ದಕ್ಕೆಲ್ಲ ಅವಳನ್ನು ಬೈಯುತ್ತಿದ್ದೆ ಎನ್ನುವುದೂ ಕಂಡಿತು.

"ಎರಡು ಕೊಡಿ," ಎಂದ.

"ಒಂದು ಹಾಳಾದ್ರೆ ಇರಲಿ ಅಂತಾನಾ?"

"ಅಲ್ಲ. ಹಿಡಿಯೋರಿಗೊಂದು."

ಪಟಾಕಿ ಆಚೆ ತಿರುಗಿ ನಿಂತ. ಅಷ್ಟೆಲ್ಲ ಕೂಗಾಡಿದವನಿಗೂ ಹಿಡಿಯುವವರಿಗೊಂದು ಬೇಕೆಂದು ಹೊಳೆದಿರಲಿಲ್ಲ.

ಮನೆಯಲ್ಲಿ ಕೂರು ಎಂದರೆ ಅವಳು ಕೇಳಲಿಲ್ಲ. "ಗೋಡೆ ನೋಡ್ಕೊಂಡು ಕೂರೋಕಾಗಲ್ಲ. ಬಣ್ಣ ಹಚ್ತೀನಿ." ಮೇಸ್ತ್ರಿ ಶೆಡ್ಡಿನ ನಡುವೆ ಬೆಳಕು ತೂರದ, ಬೆಂಕಿ ಹತ್ತದ ದಪ್ಪ ಪರದೆ ಕಟ್ಟಿದ. ಆಚೆ ಅವಳು, ಮುಗಿದ ಗ್ರಿಲ್ಲು, ಕೆಂಪು ಬಣ್ಣದ ಡಬ್ಬಿ. ಈಚೆ ಮೇಸ್ತ್ರಿ ಮತ್ತು ಪೈಪು ಹಿಡಿದ ಪಟಾಕಿ. ಇಬ್ಬರ ಮುಖದ ಮೇಲೂ ಹೆಲ್ಮೆಟ್ಟು.

ಮೇಸ್ತ್ರಿಯ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಮುಚ್ಚಿಕೊಂಡ. ಕೂಗಿಲ್ಲದೆ ಕಿಡಿ ಹೊತ್ತಿತು.

ಮೂಲೆ ಮುಗಿಸಿ ಹೆಲ್ಮೆಟ್ಟು ಎತ್ತಿದವನಿಗೆ ಪರದೆಯ ಅಂಚಿನ ಸಂದಿಯಲ್ಲಿ ಅವಳು ಕಂಡಳು. ಬ್ರಶ್ಶು ಗಾಳಿಯಲ್ಲೇ ನಿಂತಿತ್ತು. ಚಿಟಿಚಿಟಿ ಸದ್ದು ಕೇಳಿಯೇ ಮುಖ ಗೋಡೆಗೆ ತಿರುಗಿಸಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಅವನು ಗ್ಲೌಸು ಕಳಚಿ ಆಚೆ ಹೋದ.

"ಕಣ್ಣು ಬಿಡೇ."

ಅವಳು ಬಿಟ್ಟಳು. ಅವನ ಮುಖವನ್ನು ಹುಡುಕಿ, ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದಳು.

"ಮೂಗಿದೆಯಾ?" ಎಂದು ಕೇಳಿದ. 

"ಎಡಗಣ್ಣಲ್ಲಿ ಇದೆ."

ಅವನು ಈಚೆಗೆ ಬಂದ. ಪರದೆಯ ಅಂಚನ್ನು ಎಳೆದು, ಬೆರಳಗಲದ ಆ ಸಂದಿಯನ್ನು ತಂತಿಯಿಂದ ಬಿಗಿದು ಕಟ್ಟಿದ. ಬೆಳಕು ತೂರುವುದಿಲ್ಲವೆಂದು ಎರಡು ಸಲ ಕೈ ಆಡಿಸಿ ನೋಡಿದ ಮೇಲೆಯೇ ಹೆಲ್ಮೆಟ್ಟು ಇಳಿಸಿದ.