ತಾರವ್ವನ ಕಂಡಕಿ, ಸಂಘದ ಬಿಲ್ಲು

ನಮ್ಮ ಮನೆಗಳಲ್ಲಿ ಬಿಲ್ಲು ಇಡುವ ಜಾಗಕ್ಕೇನು ಕಡಿಮೆ? ದೇವರ ಫೋಟೊದ ಹಿಂದೆ, ಜೋಳದ ಡಬ್ಬಿಯ ಕೆಳಗೆ, ಹಾಸಿಗೆಯ ಮಡಿಕೆಯಲ್ಲಿ. ಬೇಕಾದಾಗ ಮಾತ್ರ ಒಂದೂ ಸಿಗುವುದಿಲ್ಲ.

೨೦೧೪ರಲ್ಲಿ ಬನಹಟ್ಟಿಯ ಶಿವಗಂಗವ್ವನಿಗೆ ಹೀಗೇ ಆಯಿತು. ಹನ್ನೆರಡು ನೇಕಾರ ಹೆಣ್ಣುಮಕ್ಕಳ ಸಂಘ. ಖರ್ಚು ನೋಡಿಕೊಳ್ಳುವವಳು ಅವಳೇ. ಕಾಮರ್ಸ್ ಓದಿದ ವೈಶಾಲಿ ವಾರಕ್ಕೊಮ್ಮೆ ಬಂದು ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಪ್ರತಿ ಖರ್ಚಿನ ಜೊತೆ ಅದರ ಬಿಲ್ಲಿನ ಫೋಟೊ ಸೇರಿಸೋಣ ಎಂದು ಅವಳು ಹೇಳಿ ಹೇಳಿ ಸಾಕಾಗಿದ್ದಳು. ಶಿವಗಂಗವ್ವ ಮೊತ್ತವನ್ನಷ್ಟೇ ಬಾಯಲ್ಲಿ ಹೇಳಿ ಬರೆಸುವಳು.

"ಬರಕೊಂಡ್ಯಲ್ಲ, ಸಾಕ್ ಬಿಡ. ನಾ ಏನ್ ಸುಳ್ಳ ಹೇಳ್ತೀನೇನು?" ಎನ್ನುವಳು.

ಒಂದು ಮಧ್ಯಾಹ್ನ, ಲೆಕ್ಕ ತಪಾಸಣೆಯವರು ನಾಳೆಯೇ ಬರುತ್ತಾರೆಂದು ಸುದ್ದಿ ಬಂತು. ಅಧ್ಯಕ್ಷೆ ರಾಜೇಶ್ವರಿ ಲೆಕ್ಕ ನೋಡುತ್ತ ಒಂದು ಸಾಲಿಗೆ ಬಂದು ನಿಂತಳು. ಮಗ್ಗದ ಮೋಟರು, ಹದಿನೆಂಟು ಸಾವಿರದ ಆರುನೂರು. ಬಿಲ್ಲು ತೋರಿಸದಿದ್ದರೆ ಅಷ್ಟೂ ಹಣವನ್ನು ಶಿವಗಂಗವ್ವನೇ ತುಂಬಬೇಕು. ಹಣ ಹೋದರೆ ದುಡಿಯಬಹುದು, ಹೆಸರು? ಯಾರೂ ಅವಳನ್ನು ಕಳ್ಳಿ ಎನ್ನಲಿಲ್ಲ. ಆದರೆ ಅವಳು ಸಂಘದ ಕೋಣೆಗೆ ಬಂದಾಗ ಹೆಣ್ಣುಮಕ್ಕಳು ಮಾತು ನಿಲ್ಲಿಸಿದರು.

ಮನೆಗೆ ಓಡಿ ದೇವರ ಫೋಟೊದ ಹಿಂದೆ ಕೈ ಹಾಕಿದಳು. ಏನೂ ಇರಲಿಲ್ಲ. ಮೂಲೆಯಲ್ಲಿ ಅತ್ತೆ ತಾರವ್ವ ರಾಟೆಯ ಮುಂದೆ ಕೂತು, ಮಗ್ಗದ ಲಾಳಿಗೆ ಹಾಕುವ ಕಂಡಕಿ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತುತ್ತಿದ್ದಳು.

"ಅತ್ತೀ, ಇಲ್ಲೊಂದ್ ಕಾಗದ ಇತ್ತ, ನೋಡೀರೇನ್ರಿ?"

"ಅದ? ಕಂಡಕಿ ಸಡ್ಲಾಗಿ ಜಾರಾಕತ್ತಿದ್ದವು. ನಾಕ ಚೂರ ಮಾಡಿ ತೂತಿನ್ಯಾಗ ತುರಕೀನಿ."

ಶಿವಗಂಗವ್ವ ಕಂಡಕಿಯ ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡಳು. ಮುದುಕಿಯ ಮೇಲೆ ಸಿಟ್ಟು ಮಾಡಿ ಏನು ಬಂತು? ಫೋಟೊದ ಹಿಂದೆ ಇಟ್ಟು ಮರೆತವಳು ತಾನೇ.

ವೈಶಾಲಿಯೂ ರಾಜೇಶ್ವರಿಯೂ ಬಂದರು. ಮೂವರೂ ಬುಟ್ಟಿಯಲ್ಲಿದ್ದ ಕಂಡಕಿಗಳ ತೂತಿಗೆ ತಂತಿ ಹಾಕಿ ಕಾಗದ ಎಳೆದರು. ಹಳೆ ಪೇಪರಿನ ಚೂರು, ಕ್ಯಾಲೆಂಡರಿನ ಚೂರು. ಕೊನೆಗೆ ಬಿಲ್ಲಿನ ಮೂರು ಚೂರು ಸಿಕ್ಕವು. ಅಂಗಡಿಯ ಹೆಸರು ಬಂತು, ತಾರೀಖು ಬಂತು. ಬಿಲ್ಲಿನ ನಂಬರು, ಮೊತ್ತ, ಸಹಿ ಇದ್ದ ಚೂರು ಮಾತ್ರ ಇಲ್ಲ. ಬುಟ್ಟಿ ಬರಿದಾಗಿತ್ತು.

"ಬೆಳಿಗ್ಗಿ ಮಗ್ಗಕ್ಕ ಒಯ್ದಾರಲ್ಲ, ಅದರಾಗ ಇರಬೇಕ ನೋಡ್ರಿ," ಎಂದಳು ತಾರವ್ವ.

ಸಂಘದ ಮಗ್ಗಗಳನ್ನು ನಿಲ್ಲಿಸಿದರು. ಎರಡನೆಯ ಮಗ್ಗದ ಲಾಳಿಯೊಳಗಿನ ಕಂಡಕಿಯಲ್ಲಿ ನಾಲ್ಕನೆಯ ಚೂರು ಇತ್ತು. ಎಣ್ಣೆ ಹತ್ತಿದ್ದರೂ ಓದಲು ಬರುತ್ತಿತ್ತು. ಶಿವಗಂಗವ್ವ ಅತ್ತೇಬಿಟ್ಟಳು. ವೈಶಾಲಿ ಚೂರುಗಳನ್ನು ಜೋಡಿಸಿ, ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದು ಆ ಖರ್ಚಿನ ಸಾಲಿಗೆ ಸೇರಿಸಿದಳು. ಬಿಲ್ಲಿನ ನಂಬರು ಸಿಕ್ಕಿದ್ದರಿಂದ ಜಮಖಂಡಿಯ ಅಂಗಡಿಯವರು ಮರುದಿನ ಬೆಳಿಗ್ಗೆಯೇ ಸಹಿ ಹಾಕಿದ ನಕಲು ಕೊಟ್ಟರು. ತಪಾಸಣೆ ಮುಗಿಯಿತು.

"ನನ್ನ ಬಾಯಿ ಮಾತ ಇವತ್ತ ಯಾರೂ ನಂಬತಿದ್ದಿಲ್ಲ, ತಂಗಿ," ಎಂದಳು ಶಿವಗಂಗವ್ವ.

"ನಂಬಿಕಿ ಐತಿ ಅಕ್ಕಾ. ಅದು ಉಳೀಲಿ ಅಂತನ ಫೋಟೊ," ಎಂದಳು ವೈಶಾಲಿ.

ಮುಂದಿನ ವಾರ ನೂಲಿನ ಬಿಲ್ಲು ಬಂದಾಗ ಮೊದಲು ಕೈ ಚಾಚಿದವಳು ತಾರವ್ವ. "ಇದರದು ಫೋಟೊ ಆತೇನ? ಆಗಿದ್ರ ನನಗ ಕೊಡ್ರಿ, ಕಂಡಕಿ ಜಾರಾಕತ್ತಾವು." ಶಿವಗಂಗವ್ವ ನಕ್ಕು ಅತ್ತೆಯ ಕೈಗೆ ಹಳೆ ಪೇಪರು ಕೊಟ್ಟು, ಬಿಲ್ಲನ್ನು ಫೈಲಿಗೆ ಹಾಕಿದಳು.

ಅಕ್ಕಂದಿರೇ, ನಿಮ್ಮ ಸಂಘದ ಬಿಲ್ಲು ಈಗ ಎಲ್ಲಿದೆ? ಎದ್ದು ನೋಡಿ. ಕೊಂಡ ದಿನವೇ ಫೋಟೊ ತೆಗೆಯಿರಿ, ಲೆಕ್ಕದಲ್ಲಿ ಆ ಖರ್ಚಿನ ಜೊತೆಗೇ ಸೇರಿಸಿ, ಕಾಗದವನ್ನೂ ಫೈಲಿನಲ್ಲಿಡಿ. ಹುಡುಕಲು ನಿಮ್ಮ ಮಗ್ಗ ನಿಲ್ಲಿಸುವ ದಿನ ಬರದಿರಲಿ.