ಮೂಗಿನ ತುದಿಯ ಎಂಟು ಸೀಟು

"ನಿಮ್ಮ ಫಸ್ಟ್ ಕ್ಲಾಸ್ ಅಂದ್ರೆ ಏನು ಅತ್ತಿಗೆ, ಚೆನ್ನಾಗಿರೋ ಬಸ್ಸು ಅಷ್ಟೇ," ಎಂದು ನನ್ನ ನಾದಿನಿ ಊಟದ ಮೇಜಿಗೆ ಮೊಣಕೈ ಊರಿ ಹೇಳುತ್ತಿದ್ದಳು. "ಟೈಮ್ ಆದ್ರೆ ಹೊರಟೇ ಹೋಗುತ್ತೆ. ನಮ್ದು ಹಾಗಲ್ಲ, ಮೇಡಂ ಬರೋ ತನಕ ಕಾಯುತ್ತೆ."

"ಹಾಗಾದ್ರೆ ನಿಮ್ದು ಮನೆ ಕಾರು. ನೀನು ಅದರ ಹಿಂದಿನ ಸೀಟಲ್ಲಿರೋ ಟಿಫಿನ್ ಕ್ಯಾರಿಯರ್," ಎನ್ನುತ್ತಿದ್ದೆ ನಾನು.

ನನ್ನ ಗಂಡ, ಅಂದರೆ ಅವಳ ಅಣ್ಣ, ವಿಮಾನದ ಮೆಟ್ಟಿಲು ನೋಡಿದರೇ ತಲೆ ಸುತ್ತುವ ಮನುಷ್ಯ. ನಮ್ಮಿಬ್ಬರ ನಡುವೆ ಕೂತು ತಟ್ಟೆಯಿಂದ ಕಣ್ಣೆತ್ತದೆ ಉಣ್ಣುತ್ತಿದ್ದರು.

ನಮ್ಮಿಬ್ಬರದೂ ಒಂದೇ ಕೆಲಸ. ನಾನು ದೊಡ್ಡ ಕಂಪನಿಯ ದೊಡ್ಡ ವಿಮಾನದಲ್ಲಿ, ಅದರ ಮೂಗಿನ ತುದಿಯಲ್ಲಿರುವ ಫಸ್ಟ್ ಕ್ಲಾಸಿನ ಎಂಟು ಸೀಟುಗಳನ್ನು ನೋಡಿಕೊಳ್ಳುವವಳು. ಅವಳು ಪಂಪು ತಯಾರಿಸುವ ಕಾರ್ಖಾನೆಗಳ ಒಡತಿಯೊಬ್ಬರ ಸ್ವಂತ ಜೆಟ್‌ನಲ್ಲಿ ಒಬ್ಬಳೇ ಪರಿಚಾರಕಿ. ಯಾರ ಕೆಲಸ ಮೇಲು ಎಂಬ ಜಗಳ ನಮ್ಮ ಮನೆಯಲ್ಲಿ ಉಪ್ಪಿನಷ್ಟೇ ಸಾಮಾನ್ಯವಾಗಿತ್ತು. ಆ ವರ್ಷ ಮಾತ್ರ ನಾನು ಆ ಜಗಳದಲ್ಲಿ ಸೋಲುವ ಹಂತಕ್ಕೆ ಬಂದಿದ್ದೆ.

ನಮ್ಮ ಕಂಪನಿ ಫಸ್ಟ್ ಕ್ಲಾಸನ್ನೇ ಕಿತ್ತುಹಾಕಲು ತೀರ್ಮಾನಿಸಿತ್ತು. ಅಷ್ಟು ದುಡ್ಡು ಕೊಡುವವರು ಈಗ ಸ್ವಂತ ಜೆಟ್‌ನಲ್ಲೋ ಬಾಡಿಗೆ ಜೆಟ್‌ನಲ್ಲೋ ಹೋಗುತ್ತಾರಂತೆ. ನನಗೆ ತರಬೇತಿ ಶಾಲೆಯಲ್ಲಿ ಜಾಗ ಕೊಡುತ್ತೇವೆಂದರು. ಅಲ್ಲಿ ಒಂದು ಹಾಲ್‌ನಲ್ಲಿ ಅರ್ಧ ವಿಮಾನ ನಿಲ್ಲಿಸಿದ್ದಾರೆ. ರೆಕ್ಕೆ ಇಲ್ಲ, ಬಾಲ ಇಲ್ಲ, ಕಿಟಕಿಯ ಹೊರಗೆ ಗೋಡೆಗೆ ಬಳಿದ ನೀಲಿ ಬಣ್ಣ. ಆ ವಿಮಾನ ಎಂದೂ ಹಾರುವುದಿಲ್ಲ. ಅದರೊಳಗೆ ನಿಂತು ಪಾಠ ಹೇಳುವ ನನ್ನನ್ನು ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ನನಗೆ ಹಾರಬೇಕಿತ್ತು.

ಅದೇ ಸಮಯಕ್ಕೆ ನಾದಿನಿಯ ಬೆನ್ನು ಕೈಕೊಟ್ಟಿತು. ಇನ್ನು ಹಾರಬೇಡ ಎಂದರು ಡಾಕ್ಟರು. ಅವಳು ನೇರವಾಗಿ ನನ್ನ ಹತ್ತಿರ ಬಂದಳು.

"ಮೇಡಂಗೆ ನಿಮ್ಮ ಬಗ್ಗೆ ಹೇಳಿದ್ದೀನಿ. ಒಂದು ಸಲ ಜೊತೇಲಿ ಬನ್ನಿ, ಕೆಲಸ ತೋರಿಸಿ. ಹಿಡಿಸಿದ್ರೆ ಆಯ್ತು."

"ಹಿಡಿಸದೇ ಏನು?" ಎಂದೆ. ನನ್ನ ಕೆಲಸ ಯಾರಿಗಾದರೂ ಹಿಡಿಸದೇ ಇರಬಹುದು ಎಂಬುದು ಅಲ್ಲಿಯ ತನಕ ನನ್ನ ತಲೆಗೆ ಹೊಳೆದಿರಲಿಲ್ಲ.

ರಜೆ ಹಾಕಿ ಹೊರಟೆ. ಅದು ಸಮುದ್ರ ದಾಟುವ ದೂರದ ಪ್ರಯಾಣ. ಬೆಳಿಗ್ಗೆ ಇಬ್ಬರೂ ಮಾರುಕಟ್ಟೆಗೆ ಹೋಗಿ ಹಣ್ಣು, ಬ್ರೆಡ್ಡು, ಹೂವು ಕೊಂಡೆವು. ದೊಡ್ಡ ವಿಮಾನಕ್ಕೆ ಎಲ್ಲವೂ ಲಾರಿಯಲ್ಲಿ ಬಂದು ಬೀಳುತ್ತದೆ. ಇಲ್ಲಿ ನಿಂಬೆಹಣ್ಣನ್ನೂ ನಾವೇ ಹಿಸುಕಿ ನೋಡಿ ಆರಿಸಬೇಕು. ಜೆಟ್‌ನ ಬಾಗಿಲಲ್ಲೇ ಬೂಟು ಬಿಚ್ಚಿ ಬಟ್ಟೆಯ ಚಪ್ಪಲಿ ಮೆಟ್ಟಿದೆ. ಕೆನೆ ಬಣ್ಣದ ಕಾರ್ಪೆಟ್ಟಿನ ಮೇಲೆ ಬೇರೆ ಯಾವುದಕ್ಕೂ ಪ್ರವೇಶವಿಲ್ಲ. ಅಡುಗೆಯ ಮೂಲೆಯಲ್ಲಿ ತಲೆ ಎತ್ತಿದ್ದೇ ತಡ, ಚಾವಣಿ ಬಡಿಯಿತು.

"ಬಗ್ಗಿ ಅತ್ತಿಗೆ, ಬಗ್ಗಿ. ಇಲ್ಲಿ ವಿನಯ ಇಲ್ದೇ ನಡೆಯಲ್ಲ," ಎಂದು ನಾದಿನಿ ನಕ್ಕಳು. ಅವಳ ಬೆನ್ನು ಹಾಳಾಗಿದ್ದು ಯಾಕೆಂದು ನನಗೆ ಆಗಲೇ ಗೊತ್ತಾಯಿತು.

ಮೇಡಂ ಬಂದ ಕಾರು ಮೆಟ್ಟಿಲಿನ ಬುಡಕ್ಕೇ ಬಂದು ನಿಂತಿತು. ಸಾಲಿಲ್ಲ, ಗಂಟೆಯ ಸದ್ದಿಲ್ಲ, ಯಾರ ಹೆಸರನ್ನೂ ಕೂಗುವುದಿಲ್ಲ. ಅವರು ಒಳಗೆ ಬಂದು ಕೂತರು, ವಿಮಾನ ಹೊರಟಿತು. ಒಪ್ಪಿಕೊಳ್ಳಬೇಕು, ಸೊಗಸಾಗಿತ್ತು. ತಳ್ಳುಗಾಡಿಯಿಲ್ಲ, ಒಂದೊಂದೇ ತಟ್ಟೆಯನ್ನು ಕೈಯಲ್ಲೇ ಒಯ್ಯಬೇಕು. ಆದರೂ ನನ್ನ ಬಲಗಾಲು ಮಾತ್ರ, ಅಲ್ಲಿಲ್ಲದ ತಳ್ಳುಗಾಡಿಯ ಬ್ರೇಕನ್ನು ಹುಡುಕಿಕೊಂಡು ಹೋಗುತ್ತಿತ್ತು. ಅದನ್ನು ಬಿಟ್ಟರೆ ಯಾವುದೂ ತಪ್ಪಲಿಲ್ಲ. ನಾದಿನಿ ಹಿಂದಿನ ಸೀಟಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು.

ಮಧ್ಯಾಹ್ನದ ಊಟವನ್ನು ಮೇಡಂ ಮುಟ್ಟಲಿಲ್ಲ. ನಾನು ಪೈಲಟ್‌ಗಳಿಗೆ ಕಾಫಿ ಕೊಡಲು ಮುಂದೆ ಹೋದವಳು ಎಂದಿನಂತೆ ವರದಿ ಒಪ್ಪಿಸಿದೆ.

"ಕ್ಯಾಪ್ಟನ್, ಒನ್ ಎ ಊಟ ಮುಟ್ಟಿಲ್ಲ. ಕಣ್ಣು ಮುಚ್ಚಿದ್ದಾರೆ, ನಿದ್ದೆ ಬಂದಿಲ್ಲ. ಏನೋ ಬೇಜಾರಲ್ಲಿದ್ದಾರೆ. ಸ್ವಲ್ಪ ಬಿಟ್ಟು ಟೀ ಕೇಳ್ತೀನಿ."

ದೊಡ್ಡ ವಿಮಾನದಲ್ಲಿ ನಾವು ಮಾತಾಡಿಕೊಳ್ಳುವುದೇ ಹೀಗೆ. ಪ್ರಯಾಣಿಕರ ಎದುರು ಅವರ ಹೆಸರು ಹೇಳುತ್ತೇವೆ, ಪರದೆಯ ಈಚೆ ಬಂದರೆ ಸೀಟಿನ ನಂಬರು. ಆದರೆ ಅಲ್ಲಿ ಪರದೆ ಇದೆ, ಗೋಡೆ ಇದೆ, ಪೈಲಟ್ ಜೊತೆ ಮಾತಾಡಲು ಫೋನು ಇದೆ. ಇಲ್ಲಿ ಪೈಲಟ್‌ಗಳ ಬಾಗಿಲು ತೆರೆದೇ ಇತ್ತು, ಮೇಡಂ ನನ್ನ ಬೆನ್ನ ಹಿಂದೆಯೇ ಇದ್ದರು.

"ಒನ್ ಎ ಅಂದ್ರೆ ಯಾರು?" ಎಂದರು.

ನಾದಿನಿ ಕಣ್ಣು ಮುಚ್ಚಿಕೊಂಡಳು.

"ನೀವೇ ಮೇಡಂ. ಅಭ್ಯಾಸ, ಕ್ಷಮಿಸಿ. ನಮ್ಮಲ್ಲಿ ಮೊದಲನೇ ಸೀಟು ಅದು."

"ಹೋದ ಸಲ ಆ ಸೀಟಲ್ಲಿ ಯಾರಿದ್ರು?"

"ಕ್ರೇನ್ ಓಡಿಸಿ ನಿವೃತ್ತರಾದವರು ಒಬ್ರು. ಮಕ್ಕಳು ಸೇರಿ ಟಿಕೆಟ್ ಕೊಡಿಸಿದ್ರಂತೆ. ಸೀಟು ಹಾಸಿಗೆ ಆಗುತ್ತೆ, ಮಲಗಿ ಅಂದ್ರೂ ಮಲಗ್ಲಿಲ್ಲ. ಮಲಗಿದ್ರೆ ಬೇಗ ಮುಗಿದುಹೋಗುತ್ತಲ್ಲಮ್ಮ ಅಂದ್ರು."

ಮೇಡಂ ನಕ್ಕರು. ಆ ದಿನ ಅವರು ನಕ್ಕಿದ್ದು ಅದೇ ಮೊದಲು. "ಅವರಿಗೂ ಇದೇ ಉಪಚಾರನಾ?"

"ಇದೇ ಮೇಡಂ. ಆ ಸೀಟಲ್ಲಿ ಯಾರು ಕೂತ್ರೂ ಇದೇ." ಹೆಮ್ಮೆಯಿಂದಲೇ ಹೇಳಿದೆ. ಇದಕ್ಕಿಂತ ದೊಡ್ಡ ಮಾತು ನನ್ನ ಕೆಲಸದ ಬಗ್ಗೆ ನನ್ನಲ್ಲಿರಲಿಲ್ಲ.

"ಹಾಗಾದ್ರೆ ಒನ್ ಎಗೆ ಒಂದು ಟೀ ಕೊಡಿ," ಎಂದರು. ಎಲ್ಲ ಸರಿಹೋಯಿತೆಂದುಕೊಂಡೆ.

ವಿಮಾನ ನೆಲಕ್ಕಿಳಿದ ಮೇಲೆ ಅವರು ಒಳಗೇ ನನ್ನನ್ನು ಎದುರು ಕೂರಿಸಿಕೊಂಡರು.

"ನೋಡಿ, ನಿಮ್ಮ ಕೈ ಬಹಳ ಚೆನ್ನಾಗಿದೆ. ಆದ್ರೆ ನಿಮ್ಮನ್ನ ತಗೊಳ್ಳಲ್ಲ. ನನ್ನ ಅರ್ಧ ಆಯಸ್ಸು ಟೋಕನ್ ಹಿಡ್ಕೊಂಡು ಒಂದಲ್ಲ ಒಂದು ಕಚೇರಿ ಬಾಗಿಲಲ್ಲಿ ನಿಂತಿದ್ದೀನಿ. ಯಾರೂ ನನ್ನ ನಂಬರ್ ಕೂಗಬಾರದು ಅಂತಾನೇ ಇದನ್ನ ಕೊಂಡಿದ್ದು. ಇಲ್ಲಿ ನನಗೆ ನನ್ನವರು ಬೇಕು. ನೀವು ಯಾರವರೂ ಅಲ್ಲ, ಸೀಟಿನವರು." ಹಾಗೆಂದು ನನ್ನ ಕೈ ಹಿಡಿದು ಒತ್ತಿದರು. "ಬೇಜಾರು ಮಾಡ್ಕೋಬೇಡಿ. ವಾಪಸ್ಸು ನಿಮ್ಮ ವಿಮಾನದಲ್ಲೇ ಫಸ್ಟ್ ಕ್ಲಾಸಲ್ಲೇ ಕಳಿಸ್ತೀನಿ."

ಮೆಟ್ಟಿಲಿಳಿದು ಬಂದಾಗ ನಾದಿನಿ ಕಾಯುತ್ತಿದ್ದಳು. "ಅತ್ತಿಗೆ, ಅಷ್ಟೆಲ್ಲ ಪಾತ್ರೆ ಮುಚ್ಚಿಡ್ತೀರಿ. ಆ ಬಾಯಿಗೊಂದು ಮುಚ್ಚಳ ಸಿಗ್ಲಿಲ್ವಾ?"

"ನಿನ್ನ ಬೆನ್ನಿನ ಗತಿ ಏನೀಗ?"

"ಬೇರೆ ಯಾರನ್ನಾದ್ರೂ ಹುಡುಕ್ತಾರೆ, ಬಿಡಿ. ಬೆನ್ನು ನಂದು, ನಾನು ನೋಡ್ಕೋತೀನಿ," ಎಂದು ನನ್ನ ತೋಳಿಗೆ ತೋಳು ಹೆಣೆದು ನಡೆದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಮೇಡಂ ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ.

ಎರಡು ದಿನ ಬಿಟ್ಟು ಯೂನಿಫಾರ್ಮ್ ಇಲ್ಲದೆ ನನ್ನದೇ ವಿಮಾನ ಹತ್ತಿದೆ. ನನ್ನ ಜಾಗದಲ್ಲಿ ಆ ದಿನ ಎಂಟು ಸೀಟು ನೋಡಿಕೊಳ್ಳುತ್ತಿದ್ದವಳು ನಾನೇ ತಯಾರು ಮಾಡಿದ ಹುಡುಗಿ. ಪುಟ್ಟ ಆಳು, ಒಂದು ಕಡೆ ನಿಲ್ಲುವವಳಲ್ಲ. ನಾವೆಲ್ಲ ಗುಬ್ಬಿ ಎನ್ನುತ್ತೇವೆ. ನನ್ನನ್ನು ಕಂಡು ಅವಳ ಮುಖ ಬಿಳುಚಿತು.

"ಅಕ್ಕ, ಪರೀಕ್ಷೆಗೆ ಬಂದಿದ್ದೀರಾ?"

"ಪ್ರಯಾಣಕ್ಕೆ ಬಂದಿದ್ದೀನಿ. ನಿನ್ನ ಕೆಲಸ ನೋಡ್ಕೋ ಹೋಗು."

ಆದರೆ ಕಣ್ಣು ಕೇಳಬೇಕಲ್ಲ. ಅವಳ ಒಂದೊಂದು ಹೆಜ್ಜೆಯನ್ನೂ ಹಿಂಬಾಲಿಸಿದೆ. ಮೇಜಿನ ಬಟ್ಟೆಯ ಮಡಿಕೆ ಸರಿ. ಚಮಚ ಇಡುವಾಗ ಸದ್ದಿಲ್ಲ, ಸರಿ. ಆಮೇಲೆ ಸೂಪು ಬಂತು. ಬಟ್ಟಲಿನಲ್ಲಿ ಅರ್ಧವೇ ಇತ್ತು. ಪಕ್ಕದ ಸೀಟು ನೋಡಿದೆ, ಅಲ್ಲೂ ಅರ್ಧ. ಮುಂದಿನವರಿಗೂ ಅರ್ಧ. ಫಸ್ಟ್ ಕ್ಲಾಸ್ ಮುಚ್ಚುತ್ತಾರೆಂದು ಈಗಲೇ ಕೈ ಬಿಗಿ ಹಿಡಿಯುವುದೇ? ಯಾರು ಕಲಿಸಿದರು ಈ ಜಿಪುಣತನ? ಬೆಲ್ಟು ಬಿಚ್ಚಿ ಏಳಲು ಹೊರಟೆ.

ಆಗ ಆಚೆ ಸಾಲಿನ ವೃದ್ಧರು ಕಣ್ಣಿಗೆ ಬಿದ್ದರು. ಕಡು ನೀಲಿ ಕೋಟು, ನೀಟಾಗಿ ಬಾಚಿದ ಬಿಳಿ ಕೂದಲು. ಅವರ ಕೈ ನಡುಗುತ್ತಿತ್ತು. ಚಮಚದ ಗೊಡವೆಗೇ ಹೋಗದೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿಯುತ್ತಿದ್ದರು. ಸೂಪು ಬಟ್ಟಲಿನೊಳಗೆ ಹೊಯ್ದಾಡಿತು, ಅಂಚಿಗೆ ಬರಲಿಲ್ಲ. ಕೋಟಿನ ಮೇಲೆ ಒಂದು ಕಲೆಯೂ ಆಗಲಿಲ್ಲ. ಅವರು ಮುಗಿಸುವುದನ್ನೇ ಕಾದಿದ್ದವಳಂತೆ ಗುಬ್ಬಿ ಬಂದು, "ಆರಿಹೋಗ್ಬಾರ್ದು ಅಂತ ಸ್ವಲ್ಪ ಸ್ವಲ್ಪಾನೇ ತರ್ತಿದ್ದೀನಿ," ಎನ್ನುತ್ತಾ ಇನ್ನೊಂದು ಅರ್ಧ ಬಟ್ಟಲು ಇಟ್ಟಳು. ಅದೇ ಮಾತು ಹೇಳಿ ಎಲ್ಲರಿಗೂ ಇಟ್ಟಳು. ನನಗೂ.

ನಾನು ಮತ್ತೆ ಬೆಲ್ಟು ಹಾಕಿಕೊಂಡೆ.

ಅವರೊಬ್ಬರಿಗೇ ಅರ್ಧ ಕೊಟ್ಟಿದ್ದರೆ ಅವರಿಗೆ ತಿಳಿಯುತ್ತಿತ್ತು, ನೋಡಿದವರಿಗೂ ತಿಳಿಯುತ್ತಿತ್ತು. ಎಂಟು ಜನರ ನಡುವೆ ಒಬ್ಬರ ನಡುಕವನ್ನು ಅವಳು ಮುಚ್ಚಿಟ್ಟಿದ್ದಳು. ಆ ಕೆನೆ ಬಣ್ಣದ ಜೆಟ್ ನೆನಪಾಯಿತು. ಅಲ್ಲಿ ಎಲ್ಲವೂ ಒಬ್ಬರಿಗೇ. ಊಟ ಮುಟ್ಟದಿದ್ದರೆ ಕೂಡಲೇ ಗೊತ್ತಾಗುತ್ತದೆ. ಮರೆಯಾಗಲು ಪಕ್ಕದಲ್ಲಿ ಇನ್ನೊಬ್ಬರಿಲ್ಲ. ಮೇಡಂ ಬಗ್ಗೆ ಕನಿಕರ ಎನಿಸಿತು, ಮೊದಲ ಬಾರಿಗೆ. ನನ್ನ ಬಗ್ಗೆ ಕನಿಕರ ಪಡುವುದನ್ನು ಆಗ ಬಿಟ್ಟೆ.

ಊಟದ ಗಲಾಟೆ ಮುಗಿದ ಮೇಲೆ ಪರದೆ ಸರಿಸಿ ಅಡುಗೆ ಮೂಲೆಗೆ ಹೋದೆ. ಗುಬ್ಬಿ ಬೆನ್ನು ನೆಟ್ಟಗೆ ಮಾಡಿ ನಿಂತಳು.

"ನೀವು ಬೆಲ್ಟು ಬಿಚ್ಚಿದಾಗ ನನ್ನ ಜೀವ ಬಾಯಿಗೆ ಬಂದಿತ್ತು ಅಕ್ಕ. ಬಯ್ಯೋದಾದ್ರೆ ಬೈದುಬಿಡಿ."

"ಯಾರು ಹೇಳಿಕೊಟ್ರು ಅದನ್ನ?"

"ಯಾರೂ ಇಲ್ಲ. ಅವರು ಹತ್ತುವಾಗ ಟಿಕೆಟ್ ನಡುಗ್ತಿತ್ತು, ಸೂಪಿನ ಗತಿ ಏನು ಅನ್ನಿಸ್ತು."

ಯಾರೂ ಇಲ್ಲ. ನಾನು ಅವಳಿಗೆ ಕಲಿಸಿದ್ದೆಲ್ಲವನ್ನೂ ಆ ದಿನ ಅವಳಲ್ಲಿ ಕಂಡಿದ್ದೆ. ಆದರೆ ಎದೆ ತುಂಬಿ ಬಂದಿದ್ದು ನಾನು ಕಲಿಸದೇ ಇದ್ದದ್ದನ್ನು ಕಂಡಾಗ.

"ಬಟ್ಟಲಲ್ಲಿ ಎಲ್ಲೀತನಕ ಹಾಕಿದೆ, ತೋರಿಸು," ಎಂದೆ. "ತರಬೇತಿ ಶಾಲೇಲಿ ಹುಡುಗೀರಿಗೆ ಹೇಳಿಕೊಡ್ಬೇಕು. ಆ ಕೆಲಸಕ್ಕೆ ಸೇರ್ಕೋತಿದ್ದೀನಿ."

"ಫಸ್ಟ್ ಕ್ಲಾಸೇ ಇರಲ್ಲವಲ್ಲ ಅಕ್ಕ, ಕಲಿತು ಏನು ಮಾಡ್ತಾರೆ?"

"ಸೂಪು ಇರುತ್ತೆ. ಕೈ ನಡುಗೋರು ಇರ್ತಾರೆ. ಹಿಂದುಗಡೆ ಸೀಟಲ್ಲಿ ಇನ್ನೂ ಜಾಸ್ತಿ ಇರ್ತಾರೆ."

ಗುಬ್ಬಿ ಬಟ್ಟಲು ತೆಗೆದು ಸೌಟು ಎತ್ತಿದಳು. ವಿಮಾನ ಒಮ್ಮೆ ಅಲುಗಿತು. ಅವಳು ನಿಂತು, ಅಲುಗಾಟ ಹೋಗಲು ಬಿಟ್ಟು, ನಿಧಾನವಾಗಿ ಸೂಪು ಬಗ್ಗಿಸಿದಳು. ನಾನು ತಲೆ ಬಾಗಿಸಿ ಸರಿಯಾಗಿ ನೋಡಿಕೊಂಡೆ.